ಹಳೇ ಕಾರು ನಿಂತಲ್ಲೇ ಮುಪ್ಪಾಗುವುದು: ಬ್ರೇಕ್ ಆಯಿಲ್ ಹಿಡಿದು ಅರ್ಥಮಾಡಿಕೊಂಡದ್ದು

ಹಳೇ ಮಾರುತಿ 800 ನೋಡಲು ಹೋದರೆ ಮೊದಲು ಕೇಳಿಬರುವ ಮಾತು, "ಓಡಿದ್ದು ತುಂಬಾ ಕಡಿಮೆ." ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ತೀರಾ ಈಚಿನ ಗಾಡಿಗೂ ಹತ್ತು ವರ್ಷ ದಾಟಿದೆ. ಕ್ಲಚ್, ಪಿಸ್ಟನ್ ರಿಂಗ್‌ಗಳಂಥವು ಓಡಿದಷ್ಟು ಸವೆಯುತ್ತವೆ, ಸರಿ. ರಬ್ಬರ್, ತಗಡು, ಆಯಿಲ್‌ಗಳು ಮಾತ್ರ ಶೆಡ್ಡಿನಲ್ಲಿ ನಿಂತೇ ಹಾಳಾಗುತ್ತವೆ.

ನನಗೆ ಬಹಳ ತೊಡಕಾದದ್ದು ಬ್ರೇಕ್ ಆಯಿಲ್, ಅಂದರೆ ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ. ಡಬ್ಬಿಯಲ್ಲಿ ಮಟ್ಟ ಸರಿಯಿದ್ದರೂ ಎರಡು ವರ್ಷಕ್ಕೊಮ್ಮೆ ಯಾಕೆ ಬದಲಿಸಬೇಕು? ಅದು ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳದ ಗಾಳಿಕಿಂಡಿಯಿಂದಲೂ ರಬ್ಬರ್ ಹೋಸ್‌ಗಳ ಮೂಲಕವೂ ತೇವ ಒಳಸೇರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ. 3.7 ನೀರು ಸೇರಿದ ಮೇಲೆ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ. ಲೀಟರಿಗೆ ಸುಮಾರು 37 ಮಿ.ಲೀ. ನೀರಿಗೆ ಇಷ್ಟು ಕುಸಿತ!

ಇಲ್ಲೊಂದು ಪ್ರಶ್ನೆ ಏಳುತ್ತದೆ. ಬ್ರೇಕ್ ತುಳಿದಾಗ ಪೈಪಿನೊಳಗೆ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದರೆ ಕುದಿಯುವ ಬಿಂದುವೂ ಏರುತ್ತದೆ. ಹಾಗಿದ್ದ ಮೇಲೆ ಕುದಿಯುವುದು ಯಾವಾಗ? ಕಾಲು ತೆಗೆದಾಗ. ಚಾರ್ಮಾಡಿ ಘಾಟಿ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ತಿರುವಿನಲ್ಲಿ ಬ್ರೇಕ್ ತುಳಿದಿರಿ, ಚಕ್ರದೊಂದಿಗೆ ತಿರುಗುವ ಬ್ರೇಕ್ ತಟ್ಟೆ, ಅಂದರೆ ಡಿಸ್ಕ್, ಬಿಸಿಯಾಯಿತು. ಕಾಲು ತೆಗೆದಿರಿ, ಒತ್ತಡ ಇಳಿಯಿತು. ಡಿಸ್ಕಿನ ಬಿಸಿ ಇನ್ನೂ ಅದನ್ನು ಹಿಡಿದು ಒತ್ತುವ ಭಾಗವಾದ ಕ್ಯಾಲಿಪರ್‌ಗೆ ಹರಿಯುತ್ತಲೇ ಇದೆ. ಆಗ ಹಳೇ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಮುಂದಿನ ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕೆಳಗಿಳಿದು ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುವುದರಿಂದ, ಗ್ಯಾರೇಜಿನಲ್ಲಿ ತುಳಿದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಟಾಪ್ ಅಪ್ ಮಾಡಿದರೂ ಕ್ಯಾಲಿಪರ್ ಹತ್ತಿರದ ಹಳೇ ಆಯಿಲ್ ಅಲ್ಲೇ ಉಳಿಯುತ್ತದೆ. ನಾಲ್ಕೂ ಚಕ್ರಗಳಲ್ಲಿ ಬ್ಲೀಡ್ ಮಾಡಿ, ಅಂದರೆ ಬ್ರೇಕಿನ ಕಿಂಡಿ ತೆರೆದು ಹಳೇ ಆಯಿಲ್ ಹರಿಸಿ, ಪೂರ್ತಿ ಹೊರಹಾಕಬೇಕು. ಇದೇ ತೇವ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್‌ಗೆ ಒಳಗಿಂದ ತುಕ್ಕು ಹಿಡಿಸುತ್ತದೆ.

ಸೈಲೆನ್ಸರ್ ಕೂಡ ಹೀಗೆಯೇ ಒಳಗಿಂದ ತೂತಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿಸಿದರೆ ಅದು ಆವಿಯಾಗಿ ಹೋಗುತ್ತದೆ. ಅಂಗಡಿಗೆ ಹೋಗಿ ಬಂದು ನಿಲ್ಲಿಸುವ ಗಾಡಿಯಲ್ಲಿ ಸೈಲೆನ್ಸರಿನೊಳಗೇ ನಿಲ್ಲುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿದರೆ ನೀರು ಸೇರುತ್ತದೆಯೇ ಹೊರತು ಆರುವುದಿಲ್ಲ.

ಟೈರಿನ ವಯಸ್ಸು ಅದರ ಪಕ್ಕದಲ್ಲೇ ಇದೆ: ಕೊನೆಯ ನಾಲ್ಕು ಅಂಕಿ 2313 ಎಂದಿದ್ದರೆ 2013ರ 23ನೇ ವಾರದ್ದು. ಟೈರಿನ ಮೇಲ್ಮೈಯ ಗೀರುಗಳು ಆಳವಾಗಿದ್ದರೂ ಇಷ್ಟು ಹಳೇ ರಬ್ಬರ್ ಗಡುಸಾಗಿರುತ್ತದೆ.

ಕರಾವಳಿಯ ಗಾಡಿಯಾದರೆ ಬಾಗಿಲ ಕೆಳಅಂಚಿನ ನೀರುಕಿಂಡಿಗಳಿಗೆ ಬೆರಳಾಡಿಸಿ ನೋಡಿ. ಎಲೆ, ಮಣ್ಣು ಕಟ್ಟಿಕೊಂಡಿದ್ದರೆ ಮಳೆನೀರು ಒಳಗೇ ನಿಂತಿರುತ್ತದೆ, ಮೇಲೆ ಪೇಂಟ್ ಎಷ್ಟೇ ಹೊಳೆಯುತ್ತಿರಲಿ.