ಬೆಂದ ಯಕೃತ್ತಿನ ಪ್ರತಿಧ್ವನಿ

ಕ್ಯಾನ್ಸರ್ ಚಿಕಿತ್ಸೆಗೆಂದು ಕಲಬುರಗಿ, ವಿಜಯಪುರಗಳ ಕಡೆಯಿಂದ ಮುಂಬಯಿಯ ಪರೇಲಿಗೆ ಬಂದು, ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಇರುವ ಬಂಧುಗಳ ಮನೆಯಲ್ಲಿ ಇಳಿದುಕೊಳ್ಳುವ ಕನ್ನಡಿಗರು ಕಡಿಮೆಯಿಲ್ಲ. ಯಕೃತ್ತಿನ ಗಡ್ಡೆಯನ್ನು ಸೂಜಿ ಚುಚ್ಚಿ ಸುಡಲಾಗಿದೆ ಎಂದು ತಿಳಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, ಅದು ಪೂರ್ತಿ ಸುಟ್ಟಿತೇ ಎಂಬುದು. ವಿಜ್ಞಾನಕ್ಕೂ ಕಠಿಣವಾದ ಪ್ರಶ್ನೆಯಿದು.

ಈ ಚಿಕಿತ್ಸೆ ಸಾಮಾನ್ಯವಾಗಿ 3 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಗಳಿಗೆ ಚೆನ್ನಾಗಿ ಹೊಂದುತ್ತದೆ. ರೇಡಿಯೋ ಆವರ್ತನದ ವಿದ್ಯುತ್ತಿನಿಂದಲೋ ಮೈಕ್ರೋವೇವ್‌ನಿಂದಲೋ ಅಂಗಾಂಶವನ್ನು ಕಾಯಿಸಿದಾಗ, ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದರ ಪ್ರೊಟೀನುಗಳು ಬೇಯುವ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ, ಜೀವಕೋಶಗಳು ಬಹುಬೇಗ ಸಾಯುತ್ತವೆ. ಗಡ್ಡೆಯ ಸುತ್ತಲಿನ 5ರಿಂದ 10 ಮಿಲಿಮೀಟರ್ ಅಂಗಾಂಶವೂ ಬೆಂದರೆ ಮಾತ್ರ ವೈದ್ಯರಿಗೆ ನೆಮ್ಮದಿ.

ಧ್ವನಿಯನ್ನು ದೇಹದೊಳಗೆ ಕಳಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತ ಸೂಜಿಗೆ ದಾರಿ ತೋರಿಸುವ ಸೋನೋಗ್ರಫಿ ಯಂತ್ರವೇ ಬೆಂದ ಭಾಗದ ಅಂಚನ್ನೂ ತೋರಿಸಬಾರದೇಕೆ? ಕಾದ ಅಂಗಾಂಶದಲ್ಲಿ ಹುಟ್ಟುವ ಅನಿಲದ ಗುಳ್ಳೆಗಳು ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತವೆ. ಆದರೆ ಆ ಹೊಳಪು ಬೆಂದ ಭಾಗದ ಗಡಿಗೆ ಸರಿಹೊಂದುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಕರಗಿಯೂ ಹೋಗುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಚಿತ್ರ ರೂಪುಗೊಳ್ಳುವ ಕ್ರಮದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಮರಳಿ ಬಂದ ಪ್ರತಿಧ್ವನಿಯ ಪ್ರಬಲತೆಯನ್ನಷ್ಟೇ ಉಳಿಸಿಕೊಂಡು, ಅದರೊಳಗಿನ ಆವರ್ತನಗಳ ವಿವರವನ್ನು ಯಂತ್ರ ಕೈಬಿಡುತ್ತದೆ.

ಆ ಮೂಲ ಸಂಕೇತವನ್ನು ಉಳಿಸಿಕೊಂಡರೆ ಓದಲು ಬಹಳಷ್ಟಿದೆ. ಹೊಟ್ಟೆಯ ಪರೀಕ್ಷೆಗೆ ಬಳಸುವ ಧ್ವನಿಯ ಆವರ್ತನ ಸುಮಾರು 2ರಿಂದ 5 ಮೆಗಾಹರ್ಟ್ಸ್. ಆರೋಗ್ಯವಂತ ಯಕೃತ್ತಿನಲ್ಲಿ ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸಿಗೆ ಧ್ವನಿಯ ಪ್ರಬಲತೆ ಹೆಚ್ಚುಕಡಿಮೆ ಅರ್ಧ ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಬೆಂದು ಗಟ್ಟಿಯಾದ ಯಕೃತ್ತು ಧ್ವನಿಯನ್ನು ಇನ್ನೂ ಹೆಚ್ಚು ನುಂಗುತ್ತದೆ; ಅದರಲ್ಲೂ ಹೆಚ್ಚಿನ ಆವರ್ತನಗಳೇ ಹೆಚ್ಚು ನಶಿಸುವುದರಿಂದ, ಬೆಂದ ಭಾಗವನ್ನು ಹಾದು ಬಂದ ಪ್ರತಿಧ್ವನಿಯ ಸರಾಸರಿ ಆವರ್ತನ ಕೆಳಗಿಳಿದಿರುತ್ತದೆ. ಧ್ವನಿಯನ್ನು ಚದುರಿಸುವ ಸೂಕ್ಷ್ಮ ರಚನೆಗಳ ಜೋಡಣೆ ಬದಲಾದರೆ ಪ್ರತಿಧ್ವನಿಯ ಏರಿಳಿತಗಳ ಹಂಚಿಕೆಯೂ ಬದಲಾಗುತ್ತದೆ. ಈ ಹಂಚಿಕೆಯನ್ನು ಅಳೆಯಲು ಸಂಶೋಧಕರು ಬಳಸುವ ನಕಾಗಾಮಿ ಸೂತ್ರ, ರೇಡಿಯೋ ಅಲೆಗಳ ಏರಿಳಿತವನ್ನು ವಿವರಿಸಲು ಜಪಾನಿನಲ್ಲಿ ಹುಟ್ಟಿ, 1960ರಲ್ಲಿ ಪ್ರಕಟವಾದದ್ದು! ಹೀಗೆ ಪಡೆದ ಹಲವು ಅಳತೆಗಳನ್ನು ಕೂಡಿಸಿ, ಹಸಿ ಯಾವುದು, ಬೆಂದದ್ದು ಯಾವುದು ಎಂದು ಗಣಕಯಂತ್ರಕ್ಕೆ ಕಲಿಸಬಹುದು.

ಆದರೆ ರೋಗಿಯ ಮೇಲೆ ಇದನ್ನು ಬಳಸುವುದು ಸುಲಭವಲ್ಲ. ಪ್ರಯೋಗಾಲಯದಲ್ಲಿ ಪ್ರಾಣಿಯ ಯಕೃತ್ತಿನ ತುಂಡು ಅಲುಗಾಡುವುದಿಲ್ಲ. ರೋಗಿಯದು ಪ್ರತಿ ಉಸಿರಿಗೂ ಜಾರುತ್ತದೆ. ಕೊಬ್ಬು ತುಂಬಿದ ಯಕೃತ್ತು ಕಾಯಿಸುವ ಮೊದಲೇ ಧ್ವನಿಯನ್ನು ಹೆಚ್ಚು ನುಂಗುವುದರಿಂದ, ಎಲ್ಲರಿಗೂ ಒಂದೇ ಅಳತೆಗೋಲು ಸಲ್ಲದು. ಅದೇ ರೋಗಿಯ ಚಿಕಿತ್ಸೆಯ ಮೊದಲಿನ ಸಂಕೇತದೊಡನೆ ಹೋಲಿಸುವುದೇ ಮೇಲು. ಎಲ್ಲಕ್ಕಿಂತ ತೊಡಕಿನದು ಅಂಚಿನ ಪಟ್ಟಿ. ಅಲ್ಲಿ ಉಷ್ಣತೆ 50 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರಬಹುದು. ಜೀವಕೋಶಗಳು ಪೆಟ್ಟು ತಿಂದಿದ್ದರೂ ಪ್ರೊಟೀನುಗಳು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆ ಜೀವಕೋಶಗಳಲ್ಲಿ ಕೆಲವು, ಗಂಟೆಗಳ ಅಥವಾ ದಿನಗಳ ನಂತರ ಸಾಯುತ್ತವೆ, ಕೆಲವು ಚೇತರಿಸಿಕೊಳ್ಳುತ್ತವೆ. ಅಂದಿನ ಪ್ರತಿಧ್ವನಿಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಮೂಡದ ಕಾರಣ, ಸುಮಾರು ಒಂದು ತಿಂಗಳ ಬಳಿಕ ಮಾಡುವ ಸಿ.ಟಿ. ಸ್ಕ್ಯಾನ್ ಅನ್ನು ತಪ್ಪಿಸುವಂತಿಲ್ಲ.