ಬುದ್ಧಿಹಲ್ಲು ತೆಗೆಸಿದ ಮೇಲೆ ಕವಳ ಯಾವಾಗ?

ಪ್ರಶ್ನೆ: ನಾಡಿದ್ದು ಕೆಳದವಡೆಯ ಬುದ್ಧಿಹಲ್ಲನ್ನು ಕೊಯ್ದು ತೆಗೆಯುತ್ತಾರೆ. ದಿನಕ್ಕೆ ನಾಲ್ಕೈದು ಕವಳ ಹಾಕುವ ರೂಢಿ. ಎಷ್ಟು ದಿನ ಬಿಡಬೇಕು? ತಂಬಾಕಿಲ್ಲದೆ ಬರೀ ಎಲೆ-ಅಡಿಕೆ ಹಾಕಬಹುದೇ? (ಶಿರಸಿಯ ಓದುಗರು)

ಉತ್ತರ: ಕಡಿಮೆಯೆಂದರೂ ಒಂದು ವಾರ ಬಿಡಿ. ವಸಡು ಕೂಡಿದೆ ಎಂದು ವೈದ್ಯರು ನೋಡಿ ಹೇಳುವ ತನಕ ಬಿಟ್ಟರೆ ಇನ್ನೂ ಒಳ್ಳೆಯದು. ಬರೀ ಎಲೆ-ಅಡಿಕೆಯೂ ಬೇಡ.

ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಒಳಗಿನ ಎಲುಬಿಗೆ ಅದೇ ಹೊದಿಕೆ. ಉಗುಳಿದರೆ, ಸ್ಟ್ರಾದಲ್ಲಿ ಹೀರಿದರೆ ಆ ಸೆಳೆತಕ್ಕೆ ಹೆಪ್ಪು ಕಿತ್ತು ಬರಬಹುದು. ತಂಬಾಕು ರಕ್ತನಾಳ ಕುಗ್ಗಿಸುತ್ತದೆ, ಸುಣ್ಣ ಹಸಿ ಗಾಯವನ್ನು ಸುಡುತ್ತದೆ, ಅಡಿಕೆ ಚೂರು ಗುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಪ್ಪು ಹೋಗಿ ಎಲುಬು ಬತ್ತಲಾದರೆ ಅದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ಕಡಿಮೆಯಾಗುತ್ತಿದ್ದ ನೋವು ಎರಡರಿಂದ ನಾಲ್ಕನೇ ದಿನದೊಳಗೆ ಒಮ್ಮೆಲೇ ಏರಿ ಕಿವಿಯವರೆಗೆ ಹೊಡೆಯುತ್ತದೆ, ಬಾಯಿ ನಾರುತ್ತದೆ. ಆಗ ಮನೆಯಲ್ಲೇ ಲವಂಗದ ಎಣ್ಣೆ ಸುರಿಯಬೇಡಿ. ವೈದ್ಯರು ಗುಳಿ ತೊಳೆದು ಔಷಧಿ ತುಂಬಿದರೆ ನೋವು ಬೇಗ ತಗ್ಗುತ್ತದೆ.

ಮೊದಲ ದಿನವೇ ಮುಖ್ಯ. ಕೊಟ್ಟ ಹತ್ತಿಯನ್ನು ಅರ್ಧದಿಂದ ಒಂದು ತಾಸು ಬಿಗಿಯಾಗಿ ಕಚ್ಚಿ ಹಿಡಿಯಿರಿ. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಜೊಲ್ಲು ನುಂಗಿ. ಕುಮಟಾದಲ್ಲಿ ತೆಗೆಸಿ ದೇವಿಮನೆ ಘಟ್ಟ ಹತ್ತಿ ಊರಿಗೆ ಬರುವವರು ರಕ್ತ ನಿಂತ ಮೇಲೆಯೇ ಬಸ್ಸು ಹತ್ತಿ. ಬಟ್ಟೆ ಸುತ್ತಿದ ಐಸನ್ನು ಕೆನ್ನೆಯ ಮೇಲೆ 15 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡಿ. ಶಾಖ ಕೊಡುವುದು 48 ತಾಸಿನ ನಂತರ. ಬಾವು ಎರಡು-ಮೂರನೇ ದಿನ ಹೆಚ್ಚುವುದು ಸಹಜ, ಗಾಬರಿ ಬೇಡ.

ಬಾಯಿ ತೊಳೆಯುವುದು 24 ತಾಸು ಕಳೆದ ಮೇಲೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದಾಗಲೆಲ್ಲ. ಮುಕ್ಕಳಿಸಬಾರದು: ತಲೆ ವಾಲಿಸಿ ನೀರನ್ನು ಆ ಬದಿಗೆ ತಂದು, ಬಾಯಿ ತೆರೆದು ತಾನಾಗಿ ಬೀಳಲು ಬಿಡಬೇಕು.

ಊಟಕ್ಕೆ ನಮ್ಮ ಕಡೆಯ ಒಂದೆಲಗದ ತಂಬುಳಿ, ಮೆತ್ತಗೆ ಕಲಸಿದ ಮಜ್ಜಿಗೆ ಅನ್ನಕ್ಕಿಂತ ಒಳ್ಳೆಯದು ಯಾವುದಿದೆ! ಸಾಸಿವೆ ಒಗ್ಗರಣೆ ಮಾತ್ರ ಬೇಡ, ಕಾಳು ಗುಳಿಗೆ ಇಳಿಯುತ್ತದೆ. ಕರಾವಳಿಯವರು ಕುಚ್ಚಲಕ್ಕಿ ಗಂಜಿಯ ತಿಳಿ ಆರಿಸಿ ಕುಡಿಯಿರಿ. ಮುಳ್ಳಿನ ಮೀನು ಒಂದು ವಾರ ದೂರವಿರಲಿ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಈಗಲೇ ವೈದ್ಯರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಜ್ವರ, ಕೀವು, ಮೂರು ದಿನದ ಮೇಲೂ ಏರುವ ಬಾವು, ಮರುದಿನವೂ ಇಳಿಯದ ತುಟಿಯ ಜೋಮು ಇದ್ದರೆ ಫೋನು ಮಾಡಿ. ನುಂಗಲು, ಉಸಿರಾಡಲು ಕಷ್ಟವಾದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ.