ಕೊಡಗಿನಲ್ಲಿ ಜನ ಹೆಚ್ಚಿದ್ದು ಹೇಗೆ, ನಿಂತದ್ದು ಯಾಕೆ?

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎರಡು ಮಾತು ಒಟ್ಟೊಟ್ಟಿಗೇ ಕಿವಿಗೆ ಬೀಳುತ್ತವೆ. ‘ಕೊಡಗಿನಲ್ಲಿ ಜನ ಜಾಸ್ತಿ ಆಗಿಬಿಟ್ಟರು’ ಅಂತ ಒಬ್ಬರು. ‘ನಮ್ಮ ಮನೆಗಳಲ್ಲಿ ಮಕ್ಕಳೇ ಇಲ್ಲ’ ಅಂತ ಪಕ್ಕದವರು. 2027ರ ಜನಗಣತಿಯ ಸುದ್ದಿ ಬಂದ ಮೇಲೆ ಈ ಮಾತು ಇನ್ನೂ ಜೋರಾಗಿದೆ. ಎರಡೂ ಸುಳ್ಳಲ್ಲ. ಎರಡರ ಬೇರೂ ಒಂದೇ ಕಡೆ ಇದೆ.

ಲೋಕದ ಲೆಕ್ಕವನ್ನು ಬೇಗ ಮುಗಿಸೋಣ. ಭೂಮಿಯ ಮೇಲೆ ನೂರು ಕೋಟಿ ಜನ ತುಂಬಿದ್ದು 1800ರ ಆಸುಪಾಸಿನಲ್ಲಿ. ಇನ್ನೂರು ಕೋಟಿ ಆದದ್ದು 1927ರ ಹೊತ್ತಿಗೆ. 2022ರಲ್ಲಿ ಎಂಟುನೂರು ಕೋಟಿ. ಈ ನಡುವೆ ಸಿಡುಬಿಗೆ ಲಸಿಕೆ ಬಂತು, ಊರುಗಳಿಗೆ ಶುದ್ಧ ನೀರು ಬಂತು, ಗಾಳಿಯ ಸಾರಜನಕದಿಂದ ಗೊಬ್ಬರ ಮಾಡುವುದನ್ನು ಕಲಿತರು, ಪೆನಿಸಿಲಿನ್ ಸಿಕ್ಕಿತು. ಹೆಂಗಸರು ಹಿಂದಿಗಿಂತ ಹೆಚ್ಚು ಹೆತ್ತದ್ದರಿಂದ ಜನ ಹೆಚ್ಚಿದ್ದಲ್ಲ. ಹೆತ್ತ ಮಕ್ಕಳು ಉಳಿದುಕೊಂಡದ್ದರಿಂದ.

ಕೊಡಗಿನಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. 1901ರ ಗಣತಿಯಲ್ಲಿ ಇಲ್ಲಿದ್ದವರು 1,80,607 ಜನ. 1931ರಲ್ಲಿ 1,63,327. ಮೂವತ್ತು ವರ್ಷದಲ್ಲಿ ಹದಿನೇಳು ಸಾವಿರ ಕಮ್ಮಿ! ಕಾಫಿ ತೋಟಗಳಿದ್ದವು, ಘಟ್ಟದ ಕೆಳಗಿನಿಂದ, ಮೈಸೂರು ಕಡೆಯಿಂದ ಆಳುಗಳು ಬರುತ್ತಿದ್ದರು. ಆದರೂ ಕಮ್ಮಿ. ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂಡೊಯ್ದ 1918ರ ಫ್ಲೂ ಇದೇ ಅವಧಿಯಲ್ಲಿ ಬಂದದ್ದು. ಅದು ಬಂದು ಹೋಯಿತು. ಹೋಗದೆ ಉಳಿದದ್ದು ಚಳಿಜ್ವರ, ಅಂದರೆ ಮಲೇರಿಯಾ.

ಮಲೆನಾಡಿನಲ್ಲಿ ಇದನ್ನು ಹರಡುತ್ತಿದ್ದ ಮುಖ್ಯ ಸೊಳ್ಳೆ ಕೊಳಚೆಯದ್ದಲ್ಲ. ಸಣ್ಣಗೆ ಹರಿಯುವ ತೋಡಿನ ಅಂಚಿನಲ್ಲಿ, ತಿಳಿನೀರಿನಲ್ಲಿ ಮೊಟ್ಟೆ ಇಡುವಂಥದ್ದು. ಕೊಡಗಿನಲ್ಲಿ ತೋಡಿಲ್ಲದ ಊರು ಎಲ್ಲಿದೆ? ಗದ್ದೆ ಇರುವ ಕಡೆ ತೋಡು, ತೋಡಿರುವ ಕಡೆ ಮನೆ. ಸೊಳ್ಳೆಯಿಂದಲೇ ಜ್ವರ ಎಂಬುದಕ್ಕೆ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸುಳಿವು ಹಿಡಿದದ್ದು 1897ರಲ್ಲಿ. ಗೊತ್ತಾದ ಮೇಲೂ ಅರ್ಧ ಶತಮಾನ ಜನರ ಕೈಗೆ ಸಿಕ್ಕಿದ್ದು ಹೆಚ್ಚೆಂದರೆ ಕ್ವಿನೈನ್ ಎಂಬ ಔಷಧಿ, ಅದೂ ಸಿಕ್ಕವರಿಗೆ.

ನಮ್ಮಜ್ಜಿ ಹೆತ್ತದ್ದು ಎಂಟು, ಉಳಿದದ್ದು ನಾಲ್ಕು. ಅಮ್ಮ ಆ ನಾಲ್ವರಲ್ಲಿ ಕೊನೆಯವರು. ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಯುವವರು ಮೊದಲ ಸಲ ಬಂದಾಗ ಅಮ್ಮನಿಗೆ ಹತ್ತು ವರ್ಷವಂತೆ. ಮನೆಯ ಪಾತ್ರೆಯನ್ನೆಲ್ಲ ಅಂಗಳಕ್ಕೆ ಸಾಗಿಸಿದರು. ಅಕ್ಕಿ ಡಬ್ಬಕ್ಕೆ ಗೋಣಿ ಮುಚ್ಚಿದರು. ದೇವರ ಮೂಲೆಗೆ ಹೊಡೆಯಬೇಡಿ ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಬಂದವರು ಪಂಪು ಕೆಳಗಿಟ್ಟು, ನೀವೇ ದೀಪ ತೆಗೆದುಕೊಡಿ ಅಮ್ಮ, ಆಮೇಲೆ ಹೊಡೆಯುತ್ತೇವೆ ಎಂದರು. ಗೋಡೆ ಮೇಲೆ ಬಿಳಿ ಪುಡಿ ಒಣಗಿ ನಿಂತಿತು. ಹೋಗುವಾಗ ಬಾಗಿಲ ಪಕ್ಕ ತಾರೀಕು ಬರೆದರು. ಆ ಬರಹ ಎಷ್ಟೋ ವರ್ಷ ಅಳಿಸಲಿಲ್ಲ.

ಡಿಡಿಟಿ ಕೀಟ ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್. ನಮ್ಮ ದೇಶದಲ್ಲಿ ಮಲೇರಿಯಾ ಹತೋಟಿ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಆಗ ವರ್ಷಕ್ಕೆ 7.5 ಕೋಟಿ ಜನಕ್ಕೆ ಜ್ವರ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1960ರ ದಶಕದ ನಡುವಿಗೆ ರೋಗಿಗಳೇ ಸುಮಾರು ಒಂದು ಲಕ್ಷಕ್ಕೆ ಇಳಿದರು. ಆಮೇಲೆ ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು, ಜ್ವರ ಮತ್ತೆ ಹೆಚ್ಚಿತು, ಆ ವಿಷ ಮಣ್ಣು-ನೀರಿನಲ್ಲಿ ಉಳಿಯುತ್ತದೆ ಎಂಬುದೂ ತಿಳಿಯಿತು. ಅದೆಲ್ಲ ನಿಜ. ಆದರೆ ಪಂಪು ಹೊತ್ತು ಗುಡ್ಡ ಹತ್ತಿದ ಆ ಜನ ಉಳಿಸಿದ ಜೀವಗಳನ್ನು ದೊಡ್ಡ ಆಸ್ಪತ್ರೆಗಳ ಎದುರು ನಾವು ಮರೆಯುತ್ತೇವೆ. ಅದು ನನಗೆ ಬೇಸರದ ಸಂಗತಿ.

ಈಗ ಗಣತಿ ನೋಡಿ. 1951ರಲ್ಲಿ ಕೊಡಗಿನ ಜನ 2,29,405. 1961ರಲ್ಲಿ 3.2 ಲಕ್ಷ ದಾಟಿತು. ಹತ್ತೇ ವರ್ಷದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ! ಇದು ಬರೀ ಹುಟ್ಟಿನ ಲೆಕ್ಕ ಅಲ್ಲ. ತೋಟದ ಕೆಲಸಕ್ಕೆ ಬಂದವರು ಬಹಳ. ಆದರೆ ಚಳಿಜ್ವರದ ಊರಿಗೆ ಯಾರು ಸಂಸಾರ ಕಟ್ಟಿಕೊಂಡು ಬರುತ್ತಾರೆ? ಜ್ವರ ಇಳಿದದ್ದರಿಂದಲೇ ಬಂದವರು ನಿಂತರು, ತೋಟದ ಆಳುಗಳ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಮಕ್ಕಳು ಹುಟ್ಟಿ ಬೆಳೆದರು. ಅವರನ್ನು ಇವತ್ತಿಗೂ ‘ಹೊರಗಿನವರು’ ಅಂತ ಎಣಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕಮ್ಮಿಯಾದ ಕಥೆ. ಸಂತಾನ ನಿಯಂತ್ರಣಕ್ಕೆ ಮೈಸೂರು ಸರ್ಕಾರ 1930ರಲ್ಲೇ ಕ್ಲಿನಿಕ್ ತೆರೆದಿತ್ತು. 1952ರಲ್ಲಿ ದೇಶದ ಕುಟುಂಬ ಯೋಜನೆ ಬಂತು. ಆಪರೇಷನ್ನಿನ ಭಾರ ಬರಬರುತ್ತಾ ಬಹುಪಾಲು ಹೆಂಗಸರ ಮೇಲೇ ಬಿತ್ತು. ಆದರೂ ಎರಡು ಮಕ್ಕಳು ಸಾಕು ಎಂಬ ಧೈರ್ಯ ಕೊಟ್ಟದ್ದು ಗೋಡೆ ಮೇಲಿನ ಘೋಷಣೆಯಲ್ಲ, ಹುಟ್ಟಿದ ಎರಡೂ ಉಳಿಯುತ್ತವೆ ಎಂಬ ನಂಬಿಕೆ. ಓದಿದ ಹುಡುಗ ಹುಡುಗಿಯರು ಬೆಂಗಳೂರು, ಮೈಸೂರು ಸೇರಿದರು. 2001ರಲ್ಲಿ 5,48,561 ಇದ್ದ ಜನ 2011ರಲ್ಲಿ 5,54,519 ಆದರು. ಹತ್ತು ವರ್ಷಕ್ಕೆ ಆರು ಸಾವಿರವೂ ಹೆಚ್ಚಲಿಲ್ಲ. ಅದೇ ಅವಧಿಯಲ್ಲಿ ರಾಜ್ಯದ ಜನ ನೂರಕ್ಕೆ ಹದಿನೈದರಷ್ಟು ಏರಿದ್ದರು.

2011ರ ಗಣತಿಯವರು ಮನೆಗೆ ಬಂದಾಗ ನಾನೂ ಜಗಲಿಯಲ್ಲಿದ್ದೆ. ಮದುವೆಯಾದ ಹೆಂಗಸರಿಗೆ ಕೇಳುವ ಎರಡು ಪ್ರಶ್ನೆ ಆ ಪಟ್ಟಿಯಲ್ಲಿರುತ್ತವೆ: ಹುಟ್ಟಿದ ಮಕ್ಕಳೆಷ್ಟು, ಈಗ ಇರುವವರೆಷ್ಟು? ಅಮ್ಮ ಎರಡಕ್ಕೂ ‘ಮೂರು’ ಅಂದರು. ಒಂದೇ ಪ್ರಶ್ನೆಯನ್ನು ಯಾಕೆ ಎರಡು ಸಲ ಕೇಳಿದರು ಅಂತ ನನ್ನ ತಂಗಿ ಆಮೇಲೆ ಕೇಳಿದಳು.